ನಾಲ್ಕೂವರೆಯ ಕಿಟಕಿ

ನಮ್ಮ ಫೋಟೋ ಗುಂಪಿನಲ್ಲಿ ತಿಂಗಳಿಗೊಬ್ಬರಾದರೂ ಕೇಳುತ್ತಾರೆ: "ಗುರು, ಆ ಹೊಸ ಟೆಲಿ ಜೂಮ್ ತಗೊಳ್ಲಾ? ಅಷ್ಟು ದುಡ್ಡು ಕೊಡಬೋದಾ ಅದಕ್ಕೆ?" ವಾರವೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ಕಬ್ಬಿಣ ಕೊರೆದು, ಭಾನುವಾರ ಕೆರೆ ಬದಿಯಲ್ಲಿ ಹಕ್ಕಿಗೆ ಕಾಯುವ ಹದಿನೈದಿಪ್ಪತ್ತು ಮಂದಿಯ ಗುಂಪು ನಮ್ಮದು. ಆ ಲೆನ್ಸ್ ನನ್ನ ಹತ್ತಿರ ಇದೆ ಅಂತ ಎಲ್ಲರಿಗೂ ಗೊತ್ತು. ಆದರೂ ನಾನು ಉತ್ತರ ಕೊಡುವುದಿಲ್ಲ. "ಜಂಬ ಕಣೋ ಇವನಿಗೆ" ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ ಬಿಡಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಒಬ್ಬರ ಕಥೆ ಹೇಳಬೇಕು, ಅದು ವಾಟ್ಸಾಪಿನಲ್ಲಿ ಹೇಳುವಂಥದ್ದಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಎಲ್ಲಾದರೂ ಕಾಣಿಸಿದರೆ ಅವರಿಗೆ ಮುಜುಗರ. ಬಾಗಲಗುಂಟೆಯಲ್ಲಿ ಮೂರು ಅಂತಸ್ತಿನ ಮನೆಯ ತಾರಸಿ ಮೇಲಿನ ಶೀಟಿನ ಕೋಣೆಯಲ್ಲಿ ಕ್ಯಾಮೆರಾ ಲೆನ್ಸ್ ಬಿಚ್ಚಿ ತೊಳೆದು ಕೊಡುತ್ತಿದ್ದರು. ಕೆಳಗೆ ಬೋರ್ಡಿಲ್ಲ, ಮೇಲೆ ಬೆಲ್ಲಿಲ್ಲ. ಗದಗಿನ ಕಡೆಯವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಮೈಮೇಲೆ ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಪೀಣ್ಯದಲ್ಲಿ ಭೂಮಿ ಅಳೆಯುವ ದುರ್ಬೀನುಗಳಿಗೆ ಗಾಜು ಮಾಡುವ ಕಾರ್ಖಾನೆಯೊಂದಿತ್ತು. ಅದು ಬಾಗಿಲು ಹಾಕುವವರೆಗೂ ಅಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ತಯಾರಾದ ಪ್ರತಿ ಗಾಜೂ ಅವರ ಕಣ್ಣು ದಾಟಿಯೇ ಹೊರಗೆ ಹೋಗಬೇಕಿತ್ತು.

ಲೆನ್ಸ್ ಕೊಟ್ಟರೆ ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ನನ್ನ ಹಳೇ ಲೆನ್ಸನ್ನು ಮೊದಲ ಸಲ ಕೊಟ್ಟಾಗ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಬೂಷ್ಟು ಹತ್ತೇತಿ. ಇದನ್ನ ಬೀರುವಿನ್ಯಾಗ ಸೀರಿ ನಡುವ ಇಟ್ಟೀರಿ. ಹೌದಲ್ಲ?"

ಹೌದು! ನನ್ನ ಹೆಂಡತಿಯ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆ ಜೊತೆ. ಕಳ್ಳರು ಬಂದರೆ ಅಲ್ಲಿ ಹುಡುಕುವುದಿಲ್ಲ ಅಂತ ನನ್ನ ಲೆಕ್ಕಾಚಾರ.

"ಕಳ್ಳರು ಒಯ್ಯಂಗಿಲ್ರಿ ಇದನ್ನ. ಅವರಿಗೂ ಮೂಗ ಇರ್ತೈತಿ" ಅಂದರು. ನಗಲಿಲ್ಲ. ನಗಿಸಿ ತಾವು ನಗದೇ ಇರುವುದು ಅವರ ಚಾಳಿ.

ಹೊಸ ಲೆನ್ಸ್ ಕೊಳ್ಳಲು ಸಲಹೆ ಕೇಳಿ ಬಂದವರನ್ನು ಹಾಗೇ ವಾಪಸು ಕಳಿಸುತ್ತಿದ್ದರು. "ಸಾಹೇಬ್ರ, ನಿಮಗೂ ಹಕ್ಕಿಗೂ ನಡುವ ಧೂಳ ಐತಿ, ಬಿಸಲಿನ ಝಳ ಐತಿ. ಕಂಪನಿಯವ್ರು ಗಾಜು ಮಾಡ್ತಾರ, ಗಾಳಿ ಮಾಡಂಗಿಲ್ಲ. ಹತ್ತು ಹೆಜ್ಜಿ ಮುಂದ ಹೋಗ್ರಿ. ಹೆಜ್ಜಿಗೆ ರೊಕ್ಕ ಇಲ್ಲ." ನನಗೂ ಇದನ್ನೇ ಎಷ್ಟು ಸಲ ಹೇಳಿದ್ದರೋ. ಆದರೆ ನನ್ನ ಮನಸ್ಸು ಒಂದು ಬಿಳಿ ಬಣ್ಣದ ಉದ್ದನೆಯ ಜೂಮ್ ಲೆನ್ಸಿನ ಮೇಲೆ ಕೂತುಬಿಟ್ಟಿತ್ತು. ಅದರ ಚಿತ್ರ ನೋಡಿ ನನ್ನ ಹೆಂಡತಿ "ಇದೇನ್ರೀ, ಬಿಳಿ ಸೋರೆಕಾಯಿ ಇದ್ದ ಹಾಗಿದೆ. ಇದಕ್ಕೆ ಅಷ್ಟು ದುಡ್ಡಾ?" ಅಂದಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಸೋರೆಕಾಯಿ.

ಅವರ ಇನ್ನೊಂದು ಅಭ್ಯಾಸ ಹೇಳಲೇಬೇಕು. ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲಕ್ಕೆ ಕೂಗಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿ ಮಾತೆಲ್ಲ ಕೈಯಲ್ಲಿ. ಗಾಜು ಉಜ್ಜುವವನು ಕೆಲಸ ಮುಗಿಸಿ, ಬೆರಳಿನ ಗುರುತು ಬೀಳದ ಹಾಗೆ ಬಿಳಿ ಬಟ್ಟೆಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ಕಣ್ಣಿಗೆ ಹಚ್ಚಿ ನೋಡಬೇಕು. ಆಮೇಲೆ ತಪಾಸಣೆಯವರು ನೋಡಿ, ಸರಿಯಿದ್ದರೆ ಬಲಗೈ ಎತ್ತಬೇಕು. ಕೈ ಎತ್ತಿದರೆ ಪಾಸು. ಈ ಅಭ್ಯಾಸ ಅವರಿಗೆ ಮನೆಯಲ್ಲೂ ಬಿಟ್ಟಿರಲಿಲ್ಲ. ಅಮ್ಮ, ಅಂದರೆ ಅವರ ಹೆಂಡತಿ, ರೊಟ್ಟಿ ಎಣಗಾಯಿ ಬಡಿಸಿದರೆ ಒಂದು ತುತ್ತು ತಿಂದು ಎಂಜಲು ಬಲಗೈಯನ್ನೇ ಎತ್ತುತ್ತಿದ್ದರು.

"ನೋಡ್ರಿ ತಮ್ಮಾ, ಲಗ್ನ ಆಗಿ ಮೂವತ್ತೆಂಟು ವರ್ಷ ಆತು. ಬಾಯಿಲೆ ಒಮ್ಮೆನೂ ಚಲೋ ಆಗೇತಿ ಅಂದಿಲ್ಲ ಈ ಮನಷ್ಯಾ" ಅಂತ ಅಮ್ಮ ನನ್ನ ಹತ್ತಿರ ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ರಿಪೇರಿಯಾದ ಲೆನ್ಸ್ ಬೇಗ ಕೈಗೆ ಸಿಗುತ್ತಿರಲಿಲ್ಲ. "ನಾಲ್ಕೂವರಿ ತನಕ ಕುಂದ್ರಿ" ಅನ್ನುತ್ತಿದ್ದರು. ನಾಲ್ಕೂವರೆಗೆ ಸರಿಯಾಗಿ ತಮ್ಮ ಹಳೇ ಕ್ಯಾಮೆರಾಕ್ಕೆ ಆ ಲೆನ್ಸ್ ಸಿಕ್ಕಿಸಿ, ತಾರಸಿಯ ಗೋಡೆ ಹತ್ತಿರ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಒಂದೇ ಒಂದು ಫೋಟೋ ತೆಗೆಯುತ್ತಿದ್ದರು. ಪರೀಕ್ಷೆಗೆ ಅಂತ ನಾನಂದುಕೊಂಡಿದ್ದೆ. ನೀರಿನ ಟ್ಯಾಂಕುಗಳು, ಮೊಬೈಲ್ ಟವರು, ಸಿಮೆಂಟು ಶೀಟುಗಳ ಆಚೆ ಅರ್ಧ ಕಿಲೋಮೀಟರು ದೂರದಲ್ಲಿ ಅವರ ಮುಚ್ಚಿದ ಕಾರ್ಖಾನೆ ಕಾಣುತ್ತಿತ್ತು. ಲೆನ್ಸ್ ಯಾರದೇ ಇರಲಿ, ಫೋಟೋ ಅದೇ. ಮೇಲಿನ ಮಹಡಿಯಲ್ಲಿ ಎಡದಿಂದ ಮೂರನೇ ಕಿಟಕಿ.

ನಾಲ್ಕನೇ ಸಲವೋ ಐದನೇ ಸಲವೋ ಹೋದಾಗ ನಾನು ಕೇಳಿಯೇಬಿಟ್ಟೆ. "ಸಾರ್, ದಿನಾ ಅದೇ ಗೋಡೆ ತೆಗೆದು ಬೇಜಾರಾಗಲ್ವಾ ನಿಮಗೆ?"

ಅವರು ಒಳಗೆ ಹೋಗಿ ಪೇಡೆಯ ರಟ್ಟಿನ ಡಬ್ಬಿ ತಂದರು. ಅದರ ತುಂಬ ಪೋಸ್ಟ್‌ಕಾರ್ಡು ಗಾತ್ರದ ಫೋಟೋಗಳು. ಹಿಂದೆ ಪೆನ್ನಿನಲ್ಲಿ ಲೆನ್ಸಿನ ಹೆಸರು, ಕೆಳಗೆ ಒಂದು ಸಾಲು. ಮೊದಲಿನವು ಹಳೇ ಅಗ್ಗದ ಲೆನ್ಸುಗಳವು. ಕಿಟಕಿಯಲ್ಲೊಂದು ಮಸಿ, ಅಷ್ಟೇ. "ಮಬ್ಬು" ಅಂತ ಬರೆದಿದ್ದರು. ಆಮೇಲಾಮೇಲೆ ಒಳ್ಳೆಯ ಲೆನ್ಸುಗಳು ಬಂದಿದ್ದವು. "ಹೆಗಲ ಐತಿ." ಇನ್ನೊಂದರ ಹಿಂದೆ "ಮೊಣಕೈ ಐತಿ, ಮಡಿಚೇತಿ." ಕೊನೆಯ ಕೆಲವಕ್ಕೆ "ಬಿಳಿ ಅರಿವಿ ಐತಿ. ಮುಖ ಇಲ್ಲ." ಅರಿವಿ ಅಂದರೆ ಬಟ್ಟೆ. ನಾನು ಕಾರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಕಿಟಕಿಯಲ್ಲಿ ಯಾರೋ ನಿಂತಿದ್ದರು. ಎರಡೂ ಕೈ ಮುಖದ ಹತ್ತಿರ, ಮುಖಕ್ಕೆ ಅಡ್ಡಲಾಗಿ ಬೆಳ್ಳಗಿನದೇನೋ ಒಂದು. ಎಲ್ಲ ಕಾರ್ಡಿನಲ್ಲೂ ಅದೇ ಭಂಗಿ.

"ಮುನಿರಾಜ" ಅಂದರು ಅವರು. "ಗಾಜು ನೋಡಾಕತ್ತಾನ."

ಮುನಿರಾಜು ಅದೇ ಕಿಟಕಿಯ ಪಕ್ಕ ಗಾಜು ಉಜ್ಜುತ್ತಿದ್ದವನು. ಇವರದು ಎದುರಿನ ಸಾಲಿನ ಮೇಜು. ಇಪ್ಪತ್ತು ವರ್ಷ ಎದುರುಬದುರು ಕೆಲಸ, ಒಂದೇ ಡಬ್ಬಿಯಲ್ಲಿ ಊಟ. ಕೊನೆಕೊನೆಗೆ ಅವನ ಕಣ್ಣು ಮಂಜಾಗಿತ್ತು, ಗಾಜಿನಲ್ಲಿ ಗೀರು ಉಳಿಯುತ್ತಿತ್ತು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತುತ್ತಿದ್ದರು. ಆಮೇಲೆ ತಾವೇ ಕೂತು ಆ ಗೀರು ತೆಗೆದು ಮುಂದೆ ಕಳಿಸುತ್ತಿದ್ದರು. ಹೀಗೆ ಒಂದು ವರ್ಷ. ಒಂದು ದಿನ ನಾಲ್ಕೂವರೆಗೆ ಮೇಲಿನವರು ಬಂದು ಇವರ ಬೆನ್ನ ಹಿಂದೆ ನಿಂತರು. ಆಚೆ ಮುನಿರಾಜು ಗಾಜನ್ನು ಬೆಳಕಿಗೆ ಎತ್ತಿ ಹಿಡಿದು ಇವರ ಕೈಗಾಗಿ ಕಾದ.

"ನಾ ಕೈ ಎತ್ತಲಿಲ್ರಿ. ತಲಿ ಬಗ್ಗಿಸಿ ಪುಸ್ತಕದಾಗ ಬರೆದೆ. ಅವಂಗ ದೂರದ್ದು ಕಾಣತಿರಲಿಲ್ಲ. ನಾ ಎತ್ತಿದ್ನೋ ಇಲ್ಲೋ ತಿಳೀಲಾರದ ಹಂಗ ನಿಂತಿದ್ದ. ಭಾಳ ಹೊತ್ತು ನಿಂತಿದ್ದ."

ಅಂದೇ ಅವನನ್ನು ಕೆಲಸದಿಂದ ತೆಗೆದರು. ಸಂಜೆ ತುಮಕೂರು ರಸ್ತೆ ದಾಟುವಾಗ ಅವನಿಗೆ ಬರುತ್ತಿದ್ದ ಲಾರಿ ಕಾಣಲಿಲ್ಲ.

ದುಃಖದ ಮಾತು ಬಂದಾಗ ನಾನು ತಮಾಷೆ ಮಾಡುತ್ತೇನೆ, ಕೆಟ್ಟ ಬುದ್ಧಿ. "ಯಾವ್ದೋ ಪೈಪ್ ಇರ್ಬೇಕು ಸಾರ್. ಇಲ್ಲಾಂದ್ರೆ ಗೋಣಿಚೀಲ."

"ಇರಬಹುದು. ಅದ ಬೇಕಾಗೇತಿ ನನಗ. ಪೈಪ್ ಅಂತ ಒಂದು ಲೆನ್ಸ್ ತೋರಿಸಿದ್ರ ನಾ ಅವತ್ತ ದೀಪಾ ಆರಿಸಿ ಮಲಗ್ತೀನಿ." ಕತ್ತಲಾದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ದೀಪ ಹಾಕಿಕೊಂಡೇ ಮಲಗುತ್ತಿದ್ದರು ಅಂತ ಅಮ್ಮ ಹೇಳಿದ್ದು ನೆನಪಾಯಿತು. "ಒಮ್ಮೆ ಕಾವಲುಗಾರಗ ಹೇಳಿ ಒಳಗ ಹೋಗಿದ್ದೆ. ಕಿಟಕಿ ಹತ್ರ ಏನೂ ಇಲ್ಲ. ಪೈಪೂ ಇಲ್ಲ, ಚೀಲನೂ ಇಲ್ಲ. ಮನಿಗೆ ಬಂದು ನೋಡಿದ್ರ ನಿಂತಾನ. ಇಲ್ಲಿಂದ ಎಷ್ಟೋ ಸಲ ಕೈ ಎತ್ತೇನಿ. ಅವಾ ಕೈ ಇಳಸಂಗಿಲ್ಲ, ಮುಖಾ ತೋರಸಂಗಿಲ್ಲ."

ಅಂದು ನಾನು ಎದ್ದು ಹೊರಟಾಗ ಮೆಟ್ಟಿಲ ತನಕ ಬಂದರು. ಎಂದೂ ಬಂದವರಲ್ಲ.

"ಆ ಹೊಸಾ ಲೆನ್ಸ್ ತಗೊಳ್ರಿ ಸಾಹೇಬ್ರ."

"ನೀವೇ ಬೇಡ ಬೇಡ ಅಂತಿದ್ರಲ್ಲ ಸಾರ್!"

"ಹಕ್ಕಿಗೆ ಬ್ಯಾಡ. ನನಗ ಒಂದ ದಿನ ಬೇಕು. ಅದರಾಗ ಮುಖ ಕಾಣಬಹುದು."

ಬಾಡಿಗೆಗೆ ಸಿಗುತ್ತದಲ್ಲ ಅಂದೆ. ತಲೆ ಅಲ್ಲಾಡಿಸಿದರು. "ಬಾಡಿಗಿ ಲೆನ್ಸ್ ನೂರು ಕೈಯಾಗ ಬಿದ್ದಿರತೈತಿ. ಒಳಗ ಗಾಜು ಸರದಿರತಾವ. ಅದರ ಸಾಕ್ಷಿ ನಾ ನಂಬಂಗಿಲ್ಲ." ಇಂಥ ವಿಷಯದಲ್ಲೂ ತಪಾಸಣೆ ಬಿಡಲಿಲ್ಲ ಮಹಾರಾಯರು.

ತಗೋತೀನಿ ಸಾರ್ ಅಂದೆ. ಅಂದೆ, ಅಷ್ಟೇ. ದೀಪಾವಳಿಗೆ ಬೆಲೆ ಇಳಿಯುತ್ತದೆ ಅಂತ ಕಾದೆ. ಇಳಿಯಲಿಲ್ಲ. ಯುಗಾದಿಗೆ ಹಳೇ ಲೆನ್ಸ್ ಕೊಟ್ಟು ಹೊಸದು ತರುವ ಆಫರ್ ಬರುತ್ತದೆ ಅಂದರು, ಅದಕ್ಕೂ ಕಾದೆ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಬಿದ್ದುಕೊಂಡು ಆ ಲೆನ್ಸು ಈ ಲೆನ್ಸು ಹೋಲಿಸುವ ವಿಡಿಯೋ ನೋಡಿದ್ದೇ ನೋಡಿದ್ದು. ರೆಕ್ಕೆಯ ಗರಿ ಗರಿ ಎಣಿಸಬಹುದು ಅನ್ನುವವನೊಬ್ಬ, ಶುದ್ಧ ಮೋಸ ಅನ್ನುವವನೊಬ್ಬ. ಆಫರ್ ಇಲ್ಲವಾದ್ದರಿಂದ ಹಳೇ ಲೆನ್ಸನ್ನೇ ತೊಳೆಸಿಕೊಳ್ಳೋಣ ಅಂತ ಅವರ ಹತ್ತಿರ ಬಿಟ್ಟು ಬಂದೆ. ಕೊಟ್ಟಾಗ ಅವರು ಹೊಸದರ ಸುದ್ದಿ ಎತ್ತಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ.

ಒಂದು ವಾರದ ಮೇಲೆ ಅವರೇ ಫೋನ್ ಮಾಡಿದರು. ಅವರು ಫೋನ್ ಮಾಡಿದ್ದು ಅದೊಂದೇ ಸಲ. "ಸಾಹೇಬ್ರ, ಕಾರ್ಖಾನಿ ಮಾರ್ಯಾರಂತ. ಅಪಾರ್ಟ್‌ಮೆಂಟ್ ಬರ್ತೈತಿ. ಕೆಡವ್ತಾರಂತ."

"ಮುಂದಿನ ತಿಂಗಳು ಪಕ್ಕಾ ಸಾರ್" ಅಂದೆ. ದುಡ್ಡು ಬ್ಯಾಂಕಿನಲ್ಲೇ ಇತ್ತು. ಜಿಪುಣತನ ಅನ್ನದೆ ಬೇರೆ ಏನನ್ನಲಿ ಇದಕ್ಕೆ?

ಮುಂದಿನ ತಿಂಗಳು ಬಂದದ್ದು ಅಮ್ಮನ ಫೋನು. "ಇವ್ರು ಹ್ವಾದ್ರು ತಮ್ಮಾ. ಜ್ವರ ಅಂತ ಮಲಗಿದವ್ರು ಏಳಲಿಲ್ಲ. ಊರಾಗ ಮಣ್ಣು ಮಾಡಿ ಬಂದ್ವಿ. ನಿಮ್ಮ ಲೆನ್ಸ್ ಇಲ್ಲೇ ಐತಿ, ಒಯ್ರಿ."

ಮಾರನೇ ದಿನವೇ ಅಂಗಡಿಗೆ ಹೋಗಿ ಆ ಬಿಳಿ ಲೆನ್ಸ್ ತಂದೆ. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ಅದನ್ನು ಹೊತ್ತುಕೊಂಡು ಬಾಗಲಗುಂಟೆಗೆ ಹೋದೆ. ಅಮ್ಮ ನನ್ನ ಹಳೇ ಲೆನ್ಸನ್ನು ಚೀಲದ ಸಮೇತ ಕೊಟ್ಟರು. ಅವರ ಕ್ಯಾಮೆರಾ, ಸ್ಟ್ಯಾಂಡು ಎಲ್ಲ ಹಳೇ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದರಂತೆ. ನಾನು ತಾರಸಿಗೆ ಹೋಗಬಹುದಾ ಅಂತ ಕೇಳಿದೆ. ಅವರೂ ಹಿಂದೆಯೇ ಬಂದರು.

ನಾಲ್ಕೂವರೆಗೆ ಗೋಡೆಯ ಮೇಲೆ ಮೊಣಕೈ ಊರಿ ನೋಡಿದೆ. ಭಾರದ ಲೆನ್ಸದು, ಎರಡೂ ಕೈ ಬೇಕು. ನೋಡುತ್ತಿದ್ದ ಹಾಗೆ ನನಗೆ ಆಶ್ಚರ್ಯವಾಯಿತು. ಕಿಟಕಿಯ ಕಬ್ಬಿಣದ ಚೌಕಟ್ಟಿನ ತುಕ್ಕು ಕಾಣುತ್ತಿತ್ತು. ಒಡೆದ ಗಾಜಿನ ಅಂಚು ಕಾಣುತ್ತಿತ್ತು. ಒಳಗೋಡೆಯ ಸುಣ್ಣ ಎದ್ದಿದ್ದು ಕೂಡ. ಅಲ್ಲಿ ಯಾರೂ ಇರಲಿಲ್ಲ.

"ಕಂಡ್ನೇನ್ರಿ?" ಅಮ್ಮ ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು ಅಂತ ಆಗಲೇ ನನಗೆ ತಿಳಿದದ್ದು.

"ಇಲ್ಲಮ್ಮ. ಏನೂ ಇಲ್ಲ ಅಲ್ಲಿ."

"ಇಷ್ಟ ಒಂದು ಮಾತು ಹೇಳಾಕ ಇವ್ರಿಗೆ ಒಬ್ರು ಬೇಕಾಗಿದ್ರು" ಅಂದರು. ನನ್ನ ಮೇಲೆ ಸಿಟ್ಟಿಲ್ಲದೆ ಅಂದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನಾನು ಗೋಡೆ ಕಡೆ ತಿರುಗಿ ಅತ್ತೆ, ನಾಚಿಕೆ ಬಿಟ್ಟು ಅತ್ತೆ.

ಕೆಳಗಿಳಿಯುವಾಗ ಅವರು ಇನ್ನೊಂದು ಮಾತು ಹೇಳಿದರು. "ಜ್ವರ ಬರೂಕಿಂತ ಮೊದಲ ಒಂದಿನ ಸಂಜೀಕ ಮ್ಯಾಲಿಂದ ಓಡಿ ಬಂದ್ರು. ಪಾಸಾತು, ಪಾಸಾತು ಅಂತ ಬಾಯಿಲೆ ಅಂದ್ರು ನೋಡ್ರಿ, ಬಾಯಿಲೆ! ಅವತ್ತ ರಾತ್ರಿ ದೀಪಾ ಆರಿಸಿ ಮಲಗಿದ್ರು. ಜ್ವರ ಆಗಲೇ ತಲಿಗೆ ಏರಿತ್ತೇನೋ ಅಂತ ಈಗ ಅನಸ್ತೈತಿ."

ಮನೆಗೆ ಬಂದು ಹಳೇ ಲೆನ್ಸಿನ ಚೀಲ ಬಿಚ್ಚಿದಾಗ ಒಳಗೆ ಒಂದು ಚೀಟಿ ಸಿಕ್ಕಿತು. ಹೆಸರಘಟ್ಟ ರಸ್ತೆಯ ಸ್ಟುಡಿಯೋ ಒಂದರದ್ದು. ಪೋಸ್ಟ್‌ಕಾರ್ಡು ಗಾತ್ರದ್ದು ಒಂದು ಪ್ರಿಂಟು, ಕೊಟ್ಟ ದಿನ ಅವರು ಹೋಗುವ ಹತ್ತು ದಿನ ಮುಂಚಿನದು. ಯಾರೂ ಹೋಗಿ ಬಿಡಿಸಿಕೊಂಡಿರಲಿಲ್ಲ. ನೋಡೋಣ ಅಂತ ಜೇಬಿಗಿಟ್ಟುಕೊಂಡೆ.

ಶನಿವಾರ ಪಾಳಿ ಮುಗಿದದ್ದು ನಾಲ್ಕಕ್ಕೆ. ಕೆಲಸದ ನೀಲಿ ಅಂಗಿಯಲ್ಲೇ ಸೀದಾ ಅವರ ಮುಚ್ಚಿದ ಕಾರ್ಖಾನೆಗೆ ಹೋದೆ. ಯಾಕೆ ಹೋದೆ ಅಂದರೆ ಆ ಕಿಟಕಿ ಕೆಡವುವ ಮುಂಚೆ ಒಮ್ಮೆ ಅಲ್ಲಿ ನಿಲ್ಲಬೇಕು ಅನ್ನಿಸಿತು, ಅಷ್ಟೇ ನನಗೆ ಗೊತ್ತಿರುವುದು. ಗೇಟಿನಲ್ಲಿದ್ದ ಕಾವಲುಗಾರ ಯಾದಗಿರಿ ಕಡೆಯವನು, ಹೆಗಲ ಮೇಲಿನ ಕ್ಯಾಮೆರಾ ನೋಡಿ "ಪಾರಿವಾಳದ ಫೋಟೋ ಏನ್ರಿ ಸಾರ್? ಮ್ಯಾಲ ಭಾಳ ಅದಾವ. ಲಗೂನ ಬರ್ರಿ" ಅಂದು ಬಿಟ್ಟ.

ಮೇಲಿನ ಮಹಡಿಯಲ್ಲಿ ಯಂತ್ರಗಳಿದ್ದ ಕಡೆ ನೆಲದ ಮೇಲೆ ಚೌಕ ಚೌಕ ಗುರುತು ಉಳಿದಿತ್ತು. ಗಾಜು ಉಜ್ಜಲು ಬಳಸುತ್ತಿದ್ದ ರಾಳದ ವಾಸನೆ ಇನ್ನೂ ಹೋಗಿರಲಿಲ್ಲ. ಪಾರಿವಾಳ ಒಂದೂ ಇರಲಿಲ್ಲ. ಮೂರನೇ ಕಿಟಕಿಯ ಹತ್ತಿರ ನಿಂತು ಎದುರಿಗೆ ನೋಡಿದೆ. ದೂರದಲ್ಲಿ ಬಾಗಲಗುಂಟೆಯ ತಾರಸಿಗಳ ಸಾಲು, ಯಾವುದು ಯಾರದೋ ಬರಿಗಣ್ಣಿಗೆ ಗೊತ್ತಾಗಲಿಲ್ಲ. ಗಡಿಯಾರ ನೋಡಿದೆ, ನಾಲ್ಕೂವರೆಗೆ ಎರಡು ನಿಮಿಷ. ಬಿಳಿ ಲೆನ್ಸನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಹಚ್ಚಿದೆ.

ಶೀಟಿನ ಕೋಣೆ ಸಿಕ್ಕಿತು. ಬಟ್ಟೆ ಒಣಹಾಕುವ ತಂತಿ ಸಿಕ್ಕಿತು, ಅದರ ಮೇಲೆ ಅಮ್ಮನ ಕೆಂಪು ಸೀರೆ. ಸೀರೆ ಗಾಳಿಗೆ ಸರಿಯಿತು. ಅದರ ಹಿಂದೆ ಗೋಡೆಯ ಹತ್ತಿರ ಸ್ಟ್ಯಾಂಡ್ ನಿಲ್ಲಿಸಿಕೊಂಡು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ ನಿಂತಿದ್ದರು. ವಿಭೂತಿ ಕಾಣಿಸಿತು. ಮೂಗಿನ ತುದಿಯ ಕನ್ನಡಕ ಕಾಣಿಸಿತು. ಬಲಗೈ ಎತ್ತಿ ನನ್ನ ಕಡೆಯೇ ನೋಡುತ್ತಿದ್ದರು. ಎತ್ತಿದ ಕೈ ಸೋತಿತ್ತು, ಆದರೂ ಇಳಿಸುತ್ತಿರಲಿಲ್ಲ.

ಹೆದರಿದೆನಾ ಅಂತ ಕೇಳಿದರೆ, ಹೌದು. ಆದರೆ ಅದಕ್ಕಿಂತ ಮೊದಲು ನನಗೆ ಅರ್ಥವಾದದ್ದು ಬೇರೆ. ಮುಖಕ್ಕೆ ಅಡ್ಡ ಬೆಳ್ಳಗಿನದು, ಮಡಿಚಿದ ಮೊಣಕೈ, ಇಳಿಸದ ಕೈಗಳು: ಆ ಕಾರ್ಡುಗಳಲ್ಲಿ ನಿಂತವನು ನಾನೇ. ಅವರು ವರ್ಷಗಟ್ಟಲೆ ಕೈ ಎತ್ತಿ ಎತ್ತಿ ಕಾದದ್ದು ನನಗೆ. ನನ್ನ ಎರಡೂ ಕೈ ಈ ಸೋರೆಕಾಯಿ ಹಿಡಿದಿದ್ದವು, ಉತ್ತರ ಕೊಡಲು ಕೈಯೇ ಖಾಲಿ ಇರಲಿಲ್ಲ.

ಭಾರವನ್ನೆಲ್ಲ ಎಡಗೈಗೆ ಹಾಕಿದೆ. ಬಲಗೈ ಬಿಡಿಸಿಕೊಂಡು, ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತರಕ್ಕೆ ಎತ್ತಿ ಹಿಡಿದೆ. ಫೋಟೋ ತೆಗೆಯಬೇಕಾದ ಬೆರಳು ಗಾಳಿಯಲ್ಲಿತ್ತು, ಆದ್ದರಿಂದ ನನ್ನ ಹತ್ತಿರ ಫೋಟೋ ಇಲ್ಲ.

"ಸಾರ್, ಯಾರಿಗ್ರಿ ಕೈ ಮಾಡಾಕತ್ತೀರಿ?" ಕಾವಲುಗಾರ ಮೆಟ್ಟಿಲಲ್ಲಿ ನಿಂತು ಕೇಳುತ್ತಿದ್ದ. ತಿರುಗಿ ಮತ್ತೆ ನೋಡುವಷ್ಟರಲ್ಲಿ ತಾರಸಿಯ ಮೇಲೆ ಸೀರೆ ಮಾತ್ರ ಇತ್ತು. ಅದಕ್ಕೆ ಹಾಕಿದ ಕ್ಲಿಪ್ಪುಗಳನ್ನು ಎಣಿಸಬಹುದಿತ್ತು.

ಅಲ್ಲಿಂದ ಹೆಸರಘಟ್ಟ ರಸ್ತೆಗೆ ಹೋಗಿ ಚೀಟಿ ಕೊಟ್ಟೆ. ಸ್ಟುಡಿಯೋದ ಹೆಂಗಸು ಡ್ರಾಯರಿನಿಂದ ಕವರ್ ತೆಗೆದು "ತುಂಬ ದಿನ ಆಯ್ತು ಸಾರ್. ಆ ಯಜಮಾನರು ಬರಲೇ ಇಲ್ಲ" ಅಂದರು. ಕೌಂಟರಿನ ಮೇಲೆಯೇ ಬಿಚ್ಚಿ ನೋಡಿದೆ. ಬೂಷ್ಟು ತೊಳೆದ ನನ್ನ ಹಳೇ ಲೆನ್ಸಿನಲ್ಲಿ ತೆಗೆದ ಚಿತ್ರ. ಒಂದು ಮಿಂಚುಳ್ಳಿಯ ಕಣ್ಣನ್ನೂ ನನಗೆ ನೆಟ್ಟಗೆ ತೋರಿಸದ ಲೆನ್ಸದು. ಮೂರನೇ ಕಿಟಕಿಯಲ್ಲಿ ಆ ಮನುಷ್ಯ ನಿಂತಿದ್ದ. ಎಡಗೈಯಲ್ಲಿ ಮುಖಕ್ಕೆ ಹಚ್ಚಿದ ಬಿಳಿ ಲೆನ್ಸ್. ಬಲಗೈ ತಲೆಯ ಮೇಲಕ್ಕೆ ಎತ್ತಿತ್ತು. ಮೈಮೇಲೆ ನಾನು ಆ ಹೊತ್ತು ಹಾಕಿಕೊಂಡಿದ್ದ ಕಾರ್ಖಾನೆಯ ನೀಲಿ ಅಂಗಿ.

ಕಾರ್ಡು ತಿರುಗಿಸಿದೆ. ಹಿಂದೆ ಏನೂ ಬರೆದಿರಲಿಲ್ಲ. ಬರೆಯುವವರು ಬಂದೇ ಇರಲಿಲ್ಲವಲ್ಲ. ಆ ಹೆಂಗಸಿನ ಹತ್ತಿರ ಪೆನ್ನು ಕೇಳಿ, ಅವರು ಬರೆಯುತ್ತಿದ್ದ ಹಾಗೆಯೇ ಮೊದಲು ನನ್ನ ಹಳೇ ಲೆನ್ಸಿನ ಹೆಸರು ಬರೆದೆ. ಕೆಳಗಿನ ಸಾಲಿನಲ್ಲಿ ಬರೆದೆ: ಪಾಸು.